ಏಳು ಎಣಿಸಿ ಹೇಳುದು: ದೊಡ್ಡಪ್ಪ, ಪಾರ್ಕಿನ್ಸನ್ ಮತ್ತೆ ಒಂದು ಬುಟ್ಟಿ ಅಡಿಕೆ

ನಾನು ಫಿಸಿಯೋಥೆರಪಿಸ್ಟ್, ಕೆಲಸ ಮಂಗಳೂರಲ್ಲಿ, ಮನೆ ಪುತ್ತೂರು ಕಡೆ. ಇಲ್ಲಿ ಬರೀತಿರುದು ಆಸ್ಪತ್ರೆಯ ಕೇಸ್ ಅಲ್ಲ, ನಮ್ಮನೆ ಜಗಲಿಯ ಕೇಸ್. ಪೇಷೆಂಟ್ ಅಂದ್ರೆ ನಮ್ಮ ದೊಡ್ಡಪ್ಪ, ಕಲಿಸುವ ಮೇಷ್ಟ್ರು ಅಂದ್ರೆ ನಮ್ಮಪ್ಪ, ಲೆಕ್ಕ ಬರ್ದದ್ದು ಅಮ್ಮ, ಅದೂ ಹಾಲಿನ ಸೊಸೈಟಿ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ. ನಾನು ಶನಿವಾರ ಆದಿತ್ಯವಾರ ಬಂದು ನೋಡಿದ್ದು, ಉಳಿದ ದಿನ ಫೋನಲ್ಲಿ ಕೇಳಿದ್ದು. ದೊಡ್ಡಪ್ಪನ ಹತ್ರ ಕೇಳಿಯೇ ಬರೀತಿದ್ದೇನೆ, ಹೆಸರು ಮಾತ್ರ ಹಾಕ್ಬೇಡ ಅಂದಿದ್ದಾರೆ.

ದೊಡ್ಡಪ್ಪನಿಗೆ ಈಗ 71. ಬದುಕು ಪೂರ್ತಿ ಮುಂಬೈಯಲ್ಲಿ ಬ್ಯಾಂಕ್ ಕೆಲಸ, ರಿಟೈರ್ ಆದ ಮೇಲೂ ಅಲ್ಲೇ ಇದ್ರು, ದೊಡ್ಡಮ್ಮ ಹೋದ ಮೇಲೆ ಊರಿಗೆ ಬಂದ್ರು. ಪಾರ್ಕಿನ್ಸನ್ ಅನ್ನುವ ನರದ ಕಾಯಿಲೆ ಗೊತ್ತಾದ್ದು ಐದು ವರ್ಷದ ಹಿಂದೆ, ಮೊದಲು ಕಂಡದ್ದು ಕೈ ನಡುಕ ಅಲ್ಲ, ಸಹಿ. ಚೆಕ್ ಸಹಿ ಮ್ಯಾಚ್ ಆಗುದಿಲ್ಲ ಅಂತ ವಾಪಸ್ ಬಂತು, ಸಾವಿರಾರು ಜನರ ಸಹಿ ನೋಡಿ ಪಾಸ್ ಮಾಡಿದ ಮನುಷ್ಯನ ಸಹಿಯೇ ವಾಪಸ್. ಅಕ್ಷರ ಬಲಕ್ಕೆ ಹೋಗ್ತಾ ಹೋಗ್ತಾ ಇರುವೆ ಸಾಲಿನ ಹಾಗೆ ಸಣ್ಣ ಆಗಿತ್ತು. ಅದಕ್ಕೂ ಮೊದಲೇ ವಾಸನೆ ಗೊತ್ತಾಗುದು ನಿಂತಿತ್ತಂತೆ, ಯಾರೂ ಅದನ್ನು ಲೆಕ್ಕಕ್ಕೇ ತೆಗೊಂಡಿರ್ಲಿಲ್ಲ. ಈಗ ಲೆವೊಡೋಪಾ ಮಾತ್ರೆ ದಿನಕ್ಕೆ ಮೂರು ಸಲ, ಬಲಗೈ ಸ್ವಲ್ಪ ನಡುಗ್ತದೆ, ಹೊಸಿಲು ದಾಟುವಾಗ ಕೆಲವೊಮ್ಮೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡ್ತದೆ. ತಲೆ ಮಾತ್ರ ಚುರುಕು, ನಿನ್ನೆಯ ಪೇಪರಲ್ಲಿ ಯಾವ ಪುಟದಲ್ಲಿ ಎಂತ ಇತ್ತು ಹೇಳ್ತಾರೆ, ಬಡ್ಡಿ ಬಾಯಲ್ಲೇ ಲೆಕ್ಕ ಹಾಕ್ತಾರೆ.

ಫೆಬ್ರವರಿಯಲ್ಲಿ ಅವರಿಗೆ ಸುಮ್ನೆ ಕೂತು ಕೂತು ಬೇಜಾರಾಗಿ, ನಾನೂ ಅಡಿಕೆ ಹೆಕ್ತೇನೆ ಅಂದ್ರು. ನಮ್ಮ ಕಡೆ ಗೊತ್ತಿಲ್ಲದವರಿಗೆ ಹೇಳುದಾದ್ರೆ, ಹಣ್ಣಡಿಕೆ ಅಂಗಳದಲ್ಲಿ ನಲ್ವತ್ತು ನಲ್ವತ್ತೈದು ದಿನ ಒಣಗಿಸಿ ಸುಲಿದದ್ದು ಚಾಲಿ, ಅದರಲ್ಲಿ ಒಳ್ಳೇದು ಬೇರೆ, ಅದಕ್ಕಿಂತ ಕೆಳಗಿನ ದರ್ಜೆಯ ಪಟೋರ ಬೇರೆ, ಉಳ್ಳಿಗಡ್ಡೆ ಬೇರೆ, ಕರಿಗೋಟು ಬೇರೆ ಅಂತ ಆರಿಸ್ಬೇಕು, ಒಳ್ಳೆ ಚಾಲಿಗೂ ಕರಿಗೋಟಿಗೂ ಕೆ.ಜಿ. ಮೇಲೆ ನೂರು ರೂಪಾಯಿಗಿಂತ ಹೆಚ್ಚೇ ವ್ಯತ್ಯಾಸ ಬರ್ತದೆ. ಕರಿಗೋಟು ಕಪ್ಪಾಗಿ ಮುರುಟಿರ್ತದೆ, ಅದನ್ನು ಮಕ್ಕಳೂ ಹೆಕ್ತಾರೆ. ಕಷ್ಟ ಇರುದು ಪಟೋರಕ್ಕೂ ಚಾಲಿಗೂ ಮಧ್ಯೆ ನಿಲ್ಲುವಂಥದ್ರಲ್ಲಿ. ಅಪ್ಪ ಟಿವಿಯಲ್ಲಿ ಕ್ರಿಕೆಟ್ ನೋಡ್ಕೊಂಡು, ಪಕ್ಕದ ಮನೆಯವರ ಹತ್ರ ಮಾತಾಡ್ಕೊಂಡು ಟಕ ಟಕ ಬಿಸಾಡ್ತಾ ಹೋಗ್ತಾರೆ, ತಪ್ಪುದಿಲ್ಲ. ಹೇಗೆ ಗೊತ್ತಾಗುದು ಅಂತ ಕೇಳಿದ್ರೆ "ನೋಡಿದ್ರೆ ಗೊತ್ತಾಗ್ತದೆ", ಅಷ್ಟೇ ಉತ್ತರ. ಐವತ್ತು ವರ್ಷ ಅಡಿಕೆ ಮುಟ್ಟಿದವರಿಗೆ ಅದರ ಮೇಲೆ ಹೇಳ್ಲಿಕ್ಕೆ ಎಂತ ಇರ್ತದೆ.

ಮೊದಲ ಎರಡು ವಾರ ಹೀಗೆ ನಡೀತು. ಇಬ್ರೂ ಎದುರುಬದುರು ಮಣೆ ಹಾಕಿ ಕೂರುದು, ದೊಡ್ಡಪ್ಪ ಒಂದು ಅಡಿಕೆ ತೆಗೊಂಡು ತಿರುಗಿಸಿ ನೋಡಿ ಒಂದು ಬುಟ್ಟಿಗೆ ಕೈ ಚಾಚುದು, ಅಡಿಕೆ ಬುಟ್ಟಿಗೆ ಬೀಳುವ ಮೊದಲೇ ಅಪ್ಪ "ಅಲ್ಲಣ್ಣ, ಅದು ಪಟೋರ" ಅನ್ನುದು. ತಡ ಅಂತ ಇಲ್ಲವೇ ಇಲ್ಲ. ಕಲಿಸುವವರು ಯಾರೇ ಆದ್ರೂ ಹಾಗೇ ಮಾಡುದಲ್ವಾ, ತಪ್ಪನ್ನು ಬಿಸಿಬಿಸಿ ಇರುವಾಗ್ಲೇ ತಿದ್ದಬೇಕು ಅಂತ ನಮಗೂ ಕಾಲೇಜಲ್ಲಿ ಹೇಳಿಕೊಟ್ಟದ್ದು ಅದೇ. ಎರಡು ವಾರ ಆದ್ರೂ ದೊಡ್ಡಪ್ಪ ಸರಿ ಹಾಕಿದ್ದು ಅರ್ಧದ ಹತ್ರ ಹತ್ರ, ಅಂದ್ರೆ ಕಣ್ಣು ಮುಚ್ಚಿ ಹಾಕಿದ್ರೂ ಬರುವಷ್ಟು. ಅದೇ ಸಮಯದಲ್ಲಿ ಹತ್ತನೇ ಕ್ಲಾಸಿನ ಅತ್ತೆ ಮಗ ಬಂದು ನಾಲ್ಕು ದಿನ ಕೂತು ಅಪ್ಪನ "ಅಲ್ಲ" "ಅಲ್ಲ" ಕೇಳಿಕೊಂಡೇ ಕಲ್ತು ಹೋದ. ದೊಡ್ಡಪ್ಪನಿಗೆ ಅದು ನೋಡಿ ತುಂಬ ನಾಚಿಕೆ ಆಯ್ತು ಅಂತ ಕಾಣ್ತದೆ, "ನನಗೆ ಮರೆವು ಶುರು ಆಯ್ತಾ ಮಗಾ" ಅಂತ ನನ್ನ ಹತ್ರ ಮೆಲ್ಲ ಕೇಳಿದ್ರು.

ಮರೆವು ಅಲ್ಲ ಅಂತ ನನಗೆ ಗಟ್ಟಿ ಅನಿಸಿದ್ದು ಎಂತಕ್ಕೆ ಅಂದ್ರೆ, ಅವರಿಗೆ ಹಿಂದಿನ ದಿನದ ಬೈಗಳು ಶಬ್ದ ಶಬ್ದ ನೆನಪಿತ್ತು. ಯಾವ ಅಡಿಕೆಗೆ ಅಪ್ಪ ನಕ್ಕದ್ದು, ಯಾವುದಕ್ಕೆ ತಲೆ ಚಚ್ಚಿಕೊಂಡದ್ದು, ಎಲ್ಲ. ಪಾಠ ಮಾತ್ರ ಕೈಗೆ ಇಳೀತಿರ್ಲಿಲ್ಲ. ಇದು ಪಾರ್ಕಿನ್ಸನ್ನಿನ ಹಳೆ ಕಥೆ. 1996ರಲ್ಲಿ ನೋಲ್ಟನ್, ಮ್ಯಾಂಗಲ್ಸ್, ಸ್ಕ್ವಾಯರ್ ಅಂತ ಮೂವರು ಸೈನ್ಸ್ ಪತ್ರಿಕೆಯಲ್ಲಿ ಬರೆದ ಪ್ರಯೋಗ ಉಂಟು, ಆಕೃತಿ ಬರೆದ ಕಾರ್ಡು ತೋರಿಸಿ ಮಳೆಯಾ ಬಿಸಿಲಾ ಅಂತ ಊಹೆ ಮಾಡ್ಸುದು, ಪ್ರತಿ ಸಲ ಸರಿ ತಪ್ಪು ಹೇಳುದು. ಕಾರ್ಡಿಗೂ ಹವೆಗೂ ಪಕ್ಕಾ ನಿಯಮ ಇಲ್ಲ, ಹೆಚ್ಚು ಸಲ ಹೀಗೆ, ಕೆಲವು ಸಲ ಹಾಗೆ. ನೆನಪಿನ ಶಕ್ತಿಯೇ ಹೋದ ರೋಗಿಗಳು, ಆ ಆಟ ಆಡಿದ್ದೂ ಸರಿಯಾಗಿ ನೆನಪಿಲ್ಲದವರು, ಅದನ್ನು ಕಲ್ತ್ರು. ನೆನಪು ಸರಿಯಿದ್ದ ಪಾರ್ಕಿನ್ಸನ್‌ನವರಿಗೆ ಕಲೀಲಿಕ್ಕೆ ಆಗ್ಲಿಲ್ಲ. ಅಂದ್ರೆ ಮಾಡಿ ಮಾಡಿ, ತಪ್ಪಿ ತಪ್ಪಿ, ತನಗೇ ಗೊತ್ತಿಲ್ಲದ ಹಾಗೆ ಕೈಗೂಡುವ ಕಲಿಕೆಗೆ ಮೆದುಳಲ್ಲಿ ಬೇರೆಯೇ ದಾರಿ ಉಂಟು, ಅದು ಸ್ಟ್ರಯೇಟಂ ಅನ್ನುವ ಭಾಗದ ಮೂಲಕ ಹೋಗ್ತದೆ, ಸ್ಟ್ರಯೇಟಂಗೆ ಡೋಪಮೈನ್ ಅನ್ನುವ ರಾಸಾಯನಿಕ ಬರ್ಬೇಕು, ಪಾರ್ಕಿನ್ಸನ್‌ನಲ್ಲಿ ಸಾಯುದೇ ಆ ಡೋಪಮೈನ್ ಕಳಿಸುವ ಕೋಶಗಳು.

ಈಗ ಟೈಮಿಂಗ್ ವಿಷಯಕ್ಕೆ ಬರುವ. ನಾವು ಎಣಿಸಿದ್ದಕ್ಕಿಂತ ಒಳ್ಳೇದಾದ್ರೆ ಡೋಪಮೈನ್ ಕೋಶಗಳು ಒಂದು ಕ್ಷಣ ಜೋರಾಗಿ ಮಿಡಿತವೆ, ಎಣಿಸಿದ್ದು ಸಿಗದಿದ್ರೆ ಒಂದು ಕ್ಷಣ ಸುಮ್ನಾಗ್ತವೆ, ಇದನ್ನು ವೋಲ್ಫ್ರಾಮ್ ಶುಲ್ಟ್ಸ್ ಮಂಗಗಳಿಗೆ ಜ್ಯೂಸ್ ಕೊಟ್ಟು ತೋರಿಸಿದ್ದು. ಆ ಮಿಡಿತಕ್ಕೆ ಆಯುಷ್ಯ ಕಡಿಮೆ. 2014ರಲ್ಲಿ ಜಪಾನಿನವರು ಇಲಿಗಳ ಸ್ಟ್ರಯೇಟಂ ನೋಡಿ ಹೇಳಿದ್ದು, ನರದ ಕೊಂಡಿ ಕೆಲಸ ಮಾಡಿದ ಮೇಲೆ 0.3ರಿಂದ 2 ಸೆಕೆಂಡಿನ ಒಳಗೆ ಡೋಪಮೈನ್ ಬಂದ್ರೆ ಮಾತ್ರ ಆ ಕೊಂಡಿ ಗಟ್ಟಿ ಆಗ್ತದೆ ಅಂತ. ಕಾವಲಿ ಕಾದಿರುವಾಗ್ಲೇ ಹಿಟ್ಟು ಹೊಯ್ಯಬೇಕಲ್ವಾ, ಹಾಗೆ. ಅಪ್ಪನ "ಅಲ್ಲಣ್ಣ" ಬೀಳ್ತಾ ಇದ್ದದ್ದು ಸರೀ ಆ ಕಾವಲಿಗೇ, ಅತ್ತೆ ಮಗನ ಕಾವಲಿ ಬಿಸಿ ಇತ್ತು, ದೊಡ್ಡಪ್ಪನದ್ದು ಗ್ಯಾಸೇ ಕಮ್ಮಿ.

ಹಾಗಾದ್ರೆ ತಡವಾಗಿ ಹೇಳಿದ್ರೆ ಇನ್ನೂ ಕೆಡ್ಬೇಕಲ್ವಾ? ಕೆಡುದಿಲ್ಲ, ಮಜಾ ಇರುದೇ ಅಲ್ಲಿ. ನ್ಯೂಯಾರ್ಕಿನ ಕೊಲಂಬಿಯಾ ಯುನಿವರ್ಸಿಟಿಯ ಕಾರಿನ್ ಫೋರ್ಡೆ ಮತ್ತೆ ಡಾಫ್ನಾ ಶೊಹಾಮಿ 2011ರಲ್ಲಿ ಬರ್ದದ್ದು ಉಂಟು. ಚಿಟ್ಟೆ ತೋರಿಸಿ, ಇದಕ್ಕೆ ಯಾವ ಹೂ ಇಷ್ಟ ಅಂತ ಊಹೆ ಮಾಡ್ಸಿ, ಕೆಲವು ಚಿಟ್ಟೆಗೆ ಸರಿ ತಪ್ಪು ಕೂಡ್ಲೇ ಹೇಳಿದ್ರು, ಕೆಲವಕ್ಕೆ ಕೆಲವು ಸೆಕೆಂಡ್ ಬಿಟ್ಟು ಹೇಳಿದ್ರು. ಕೂಡ್ಲೇ ಹೇಳಿದಲ್ಲಿ ಪಾರ್ಕಿನ್ಸನ್‌ನವರು ಹಿಂದೆ ಬಿದ್ರು, ತಡೆದು ಹೇಳಿದಲ್ಲಿ ಬೀಳ್ಲಿಲ್ಲ. ಆರೋಗ್ಯವಂತರನ್ನು ಸ್ಕ್ಯಾನರಲ್ಲಿ ಮಲಗಿಸಿ ನೋಡಿದಾಗ ಕೂಡ್ಲೇ ಸಿಕ್ಕಿದ ಉತ್ತರಕ್ಕೆ ಸ್ಟ್ರಯೇಟಂ, ತಡವಾಗಿ ಸಿಕ್ಕಿದ್ದಕ್ಕೆ ಹಿಪೊಕ್ಯಾಂಪಸ್ ಕೆಲಸ ಮಾಡ್ತಿತ್ತು. ಹಿಪೊಕ್ಯಾಂಪಸ್ ಅಂದ್ರೆ ಘಟನೆಗಳನ್ನು ನೆನಪಿಡುವ ಜಾಗ, ನಿನ್ನೆಯ ಬೈಗಳು ನೆನಪಿಡುವ ಜಾಗ ಅಂತ ಇಟ್ಟುಕೊಳ್ಳಿ. ಎರಡು ವರ್ಷ ಬಿಟ್ಟು ಅವರೇ ಇನ್ನಿಬ್ಬರ ಜೊತೆ ಸೇರಿ ಹಿಪೊಕ್ಯಾಂಪಸ್ ಇರುವ ಆ ಭಾಗವೇ ಪೆಟ್ಟಾದವರ ಮೇಲೆ ಮಾಡಿದಾಗ ಫಲಿತಾಂಶ ಉಲ್ಟಾ ಬಂತು, ಕೂಡ್ಲೇ ಹೇಳಿದ್ರೆ ಕಲೀತಾರೆ, ತಡೆದ್ರೆ ಇಲ್ಲ. ಒಂದೇ ಪಾಠ, ಒಂದೇ ಉತ್ತರ, ನಡುವೆ ಕೆಲವು ಸೆಕೆಂಡ್ ಇಟ್ಟರೆ ಮೆದುಳಿನ ಇನ್ನೊಂದು ಆಫೀಸಿಗೆ ಫೈಲ್ ಹೋಗ್ತದೆ.

ಇದನ್ನು ನಾನು ಅಪ್ಪನಿಗೆ ಹೇಳಿದ್ದು ತಪ್ಪಾಗಿ. "ಕೂಡ್ಲೇ ಹೇಳ್ಬೇಡಿ, ಆಮೇಲೆ ಹೇಳಿ" ಅಂದೆ. ಅಪ್ಪ ಒಂದು ಬುಟ್ಟಿ ಪೂರ್ತಿ ದೊಡ್ಡಪ್ಪನಿಗೆ ಬಿಟ್ಟು, ಅರ್ಧ ಗಂಟೆ ಬಿಟ್ಟು ಬಂದು ಎಲ್ಲ ಕವುಚಿ ಹಾಕಿ "ಇದು ತಪ್ಪು, ಇದು ತಪ್ಪು, ಇದೂ ತಪ್ಪು" ಅಂತ ಗುಡ್ಡೆ ಮಾಡಿದ್ರು. ಮೂರು ದಿನ ಹಾಗೆ ಮಾಡಿ ಏನೂ ಆಗ್ಲಿಲ್ಲ, ಆಗ್ಲಿಕ್ಕೂ ಇಲ್ಲ. ಇನ್ನೂರು ಅಡಿಕೆಯಲ್ಲಿ ಯಾವುದನ್ನು ನೋಡುವಾಗ ತಾನು ಎಂತ ಎಣಿಸಿದ್ದೆ ಅಂತ ಯಾರಿಗೆ ನೆನಪಿರ್ತದೆ. ತಡ ಅಂದ್ರೆ ಅಡಿಕೆ ಇನ್ನೂ ಕಣ್ಣೆದುರು ಇರುವಾಗ, ಊಹೆ ಇನ್ನೂ ಮನಸ್ಸಲ್ಲಿ ಇರುವಾಗ, ಕೆಲವೇ ಸೆಕೆಂಡ್.

ಆಮೇಲೆ ಏಳು ಅಂತ ಇಟ್ಟುಕೊಂಡೆವು. ಏಳಕ್ಕೆ ದೊಡ್ಡ ಶಾಸ್ತ್ರ ಎಂತದೂ ಇಲ್ಲ. ದೊಡ್ಡಪ್ಪ ಅಡಿಕೆಯನ್ನು ಮಣೆ ಮೇಲೆ ಇಡ್ಬೇಕು, ಚಾಲಿ ಅಥವಾ ಪಟೋರ ಅಂತ ಬಾಯಿಬಿಟ್ಟು ಹೇಳ್ಬೇಕು, ಅಪ್ಪ ಮನಸ್ಸಲ್ಲಿ ಏಳು ಎಣಿಸಿ ಆಮೇಲೆ ಹೌದು ಅಥವಾ ಅಲ್ಲ ಅನ್ಬೇಕು. ಹೇಳ್ಲಿಕ್ಕೆ ಸುಲಭ. ಅಪ್ಪನಿಗೆ ಏಳು ಸೆಕೆಂಡ್ ಬಾಯಿ ಮುಚ್ಚುದು ಅಂದ್ರೆ ಉಪವಾಸ ಕೂತ ಹಾಗೆ, ಮೂರಕ್ಕೇ ಹುಬ್ಬು ಏರ್ತಿತ್ತು, ದೊಡ್ಡಪ್ಪ ಹುಬ್ಬು ನೋಡಿಯೇ ಉತ್ತರ ಬದಲಿಸ್ತಿದ್ರು. ಅಮ್ಮ ಪರಿಹಾರ ಹುಡುಕಿದ್ದು, ಪಾಠಕ್ಕೆ ಕೂರುವ ಮೊದಲು ಅಪ್ಪನ ಬಾಯಿಗೆ ಎಲೆಯಡಿಕೆ. ಬಾಯಿ ತುಂಬ ರಸ ಇರುವಾಗ ಕೂಡ್ಲೇ ಮಾತಾಡ್ಲಿಕ್ಕೆ ಬರುದಿಲ್ಲ, ಎದ್ದು ಹೋಗಿ ಅಂಗಳದ ಬದಿಗೆ ಉಗಿದು ಬಂದು ಹೇಳುವಾಗ ಏಳು ಹೋಗಿ ಹದಿನೈದು ಆಗ್ತಿತ್ತು ಕೆಲವು ಸಲ. ಬಾಯಿ ಕ್ಯಾನ್ಸರಿಗೆ ಕಾರಣ ಅಂತ ಗೊತ್ತಿದ್ದೂ ಇಂಥ ಪರಿಹಾರಕ್ಕೆ ನಾನು ಒಪ್ಪಿದ್ದು ಸರಿಯಲ್ಲ, ಎರಡನೇ ವಾರದಿಂದ ಬಾಯಿಗೆ ಕಲ್ಲುಸಕ್ಕರೆ ಹಾಕಿಸಿದೆ. ಹುಬ್ಬಿಗೆ ಬೈರಾಸು ಅಡ್ಡ.

ಮೊದಲ ವಾರ ಹೇಳುವಂಥದ್ದು ಏನೂ ಇಲ್ಲ. ಎರಡನೇ ವಾರದ ಆದಿತ್ಯವಾರ ನಾನು ಪಕ್ಕದಲ್ಲಿ ಕೂತಿದ್ದಾಗ ದೊಡ್ಡಪ್ಪ ಒಂದು ಅಡಿಕೆ ಮಣೆ ಮೇಲಿಟ್ಟು ಪಟೋರ ಅಂದ್ರು, ಅಪ್ಪ ಸುಮ್ನೆ ಕೂತಿದ್ದಾರೆ, ಆ ಏಳು ಸೆಕೆಂಡಲ್ಲಿ ದೊಡ್ಡಪ್ಪ ಬಗ್ಗಿ ಅಡಿಕೆಯ ಬುಡ ನೋಡಿದ್ರು, ಉಗುರಲ್ಲಿ ಒಂದು ಗೆರೆ ತಡವಿದ್ರು, "ಮೊನ್ನೆ ಹೀಗೇ ಒಂದಕ್ಕೆ ನೀನು ಅಲ್ಲ ಅಂದಿದ್ದೆ, ಅದರ ಗೆರೆ ಇಷ್ಟು ಉದ್ದ ಇರ್ಲಿಲ್ಲ, ಇದು ಪಟೋರವೇ" ಅಂದ್ರು. ಅಪ್ಪ ಹೌದು ಅಂದ್ರು. ನನಗೆ ಮೈ ಜುಂ ಅಂತು, ಯಾಕಂದ್ರೆ ಅಪ್ಪನಿಗೆ ಐವತ್ತು ವರ್ಷದಲ್ಲಿ ಬಾಯಿಗೆ ಬಾರದ ವಿಷಯ ಅದು. ದೊಡ್ಡಪ್ಪ ಒಂದೊಂದು ಅಡಿಕೆಯನ್ನೂ ಒಂದು ಘಟನೆಯ ಹಾಗೆ, ಲೆಡ್ಜರಿನ ಒಂದು ಎಂಟ್ರಿಯ ಹಾಗೆ ಇಟ್ಟುಕೊಂಡು ಹೋಲಿಸ್ತಾ ಇದ್ರು. ಬ್ಯಾಂಕಲ್ಲಿ ಸಹಿ ನೋಡಿದ್ದೂ ಹಾಗೆಯೇ ಅಲ್ವಾ, ಅದು ನನಗೆ ಆಮೇಲೆ ಹೊಳೆದದ್ದು. ನಾಲ್ಕನೇ ವಾರ ಅಮ್ಮನ ಪುಸ್ತಕದಲ್ಲಿ ಹತ್ತಕ್ಕೆ ಎಂಟು ಸರಿ ಅಂತ ಬರ್ತಿತ್ತು, ಒಳ್ಳೆ ದಿನಗಳಲ್ಲಿ.

ಆದ್ರೆ ಇದು ಅಪ್ಪನ ಕಲಿಕೆಯಂಥದ್ದಲ್ಲ, ಇದನ್ನು ಬರೀದೆ ಬಿಟ್ರೆ ಮೋಸ ಆಗ್ತದೆ. ಅಪ್ಪ ಗೋಣಿಗಟ್ಲೆ ಹೆಕ್ಕುವಾಗ ದೊಡ್ಡಪ್ಪನದ್ದು ಬೆಳಿಗ್ಗೆಗೆ ಒಂದು ಸಣ್ಣ ಬುಟ್ಟಿ. ಯಾರಾದ್ರೂ ಮಾತಾಡ್ಸಿದ್ರೆ ಕೈ ನಿಲ್ತದೆ, ಟಿವಿ ಹಾಕಿದ್ರೆ ತಪ್ಪು ಶುರು. ಇದೇ ಫೋರ್ಡೆ 2006ರಲ್ಲಿ ತೋರಿಸಿದ್ದ ವಿಷಯವೂ ಹತ್ತಿರ ಹತ್ತಿರ ಇದೇ, ಕಲಿಯುವಾಗ ಗಮನ ಬೇರೆ ಕಡೆ ಎಳೆದ್ರೆ ಹಿಪೊಕ್ಯಾಂಪಸ್ಸಿನ ದಾರಿ ಬಂದ್ ಆಗಿ ಸ್ಟ್ರಯೇಟಂ ಮೇಲೆ ಭಾರ ಬೀಳ್ತದೆ. ದೊಡ್ಡಪ್ಪನಿಗೆ ಆ ಎರಡನೇ ದಾರಿಯೇ ಗುಂಡಿ ಬಿದ್ದದ್ದು. ಹಾಗಾಗಿ ಪಾಠದ ಹೊತ್ತಿಗೆ ಟಿವಿ ಬಂದ್ ಮಾಡ್ಸಿದೆವು, ಐಪಿಎಲ್ ಸೀಸನ್ನಲ್ಲಿ ಅದೇನು ಸಣ್ಣ ತ್ಯಾಗ ಅಲ್ಲ.

ಈ ಮಧ್ಯೆ ಒಂದು ಎಡವಟ್ಟು ಆಯ್ತು. ಅಪ್ಪನಿಗೆ ಏಳು ಎಣಿಸುದು ಅಭ್ಯಾಸ ಆಗಿ, ಎಲ್ಲದಕ್ಕೂ ಅದೇ ಮದ್ದು ಅಂತ ತಲೆಗೆ ಹೊಕ್ಕಿತ್ತು. ಒಂದು ದಿನ ದೊಡ್ಡಪ್ಪ ಬಚ್ಚಲಿನ ಹೊಸಿಲಲ್ಲಿ ಕಾಲು ಅಂಟಿ ನಿಂತಿದ್ದಾರೆ, ಮೈ ಮುಂದೆ ವಾಲ್ತಾ ಉಂಟು, ಅಪ್ಪ ಹಿಂದೆ ನಿಂತು ಗಂಭೀರವಾಗಿ ಎಣಿಸ್ತಿದ್ದಾರೆ. ಅಮ್ಮ ಓಡಿ ಬಂದು ಹಿಡಿದ್ರು, ಪುಣ್ಯಕ್ಕೆ ಬೀಳ್ಲಿಲ್ಲ. ತಪ್ಪು ನಂದೇ, ಎಲ್ಲಿ ಕಾಯಬೇಕು ಎಲ್ಲಿ ಕಾಯಬಾರದು ಅಂತ ಬಿಡಿಸಿ ಹೇಳಿರ್ಲಿಲ್ಲ. ನಡಿಗೆಯಲ್ಲಿ ನಾವು ಕೊಡುದು ಸರಿ ತಪ್ಪಿನ ಉತ್ತರ ಅಲ್ಲ, ಸೂಚನೆ, ಅದು ಹೆಜ್ಜೆಗಿಂತ ಮೊದಲು ಬರ್ಬೇಕು. "ದೊಡ್ಡ ಹೆಜ್ಜೆ" ಅಂತ ಜೋರಾಗಿ ಹೇಳುದು, ತಾಳ ಹಾಕುದು, ನೆಲಕ್ಕೆ ಗೆರೆ ಎಳೆಯುದು, ಅದೆಲ್ಲ ಆಗಲೇ ಆ ಕ್ಷಣಕ್ಕೇ. ಮಾರನೇ ದಿನ ಹೊಸಿಲಿನ ಹತ್ರ ಹಳದಿ ಟೇಪ್ ಅಂಟಿಸಿದೆ, ಈಗ ಗೆರೆ ದಾಟಿದ ಹಾಗೆ ದಾಟ್ತಾರೆ. ಪಾರ್ಕಿನ್ಸನ್ ಇರುವವರನ್ನು ಮನೇಲಿ ನೋಡಿಕೊಳ್ಳುವವರು ಈ ಬರಹದಿಂದ ಒಂದೇ ತೆಗೊಳ್ಳುದಾದ್ರೆ ಇದನ್ನು ತೆಗೊಳ್ಳಿ, ಮೈ ವಾಲುವಾಗ ಎಣಿಸ್ಲಿಕ್ಕೆ ಹೋಗ್ಬೇಡಿ.

ಈಗ ನನ್ನದೇ ಕೇಸಿನ ಮೇಲೆ ನನಗಿರುವ ಅನುಮಾನ. ನಾವು ಬದಲಿಸಿದ್ದು ಸಮಯ ಒಂದೇ ಅಲ್ಲ. ಮೊದಲು ಅಪ್ಪ ತಪ್ಪಾದಾಗ ಮಾತ್ರ ಬಾಯಿ ಬಿಡ್ತಿದ್ರು, ಹೊಸ ನಿಯಮದಲ್ಲಿ ಸರಿಯಾದಾಗ್ಲೂ "ಹೌದು" ಅನ್ಬೇಕಾಯ್ತು. ಇದು ಸಣ್ಣ ವಿಷಯ ಅಲ್ಲ. 2004ರಲ್ಲಿ ಮೈಕಲ್ ಫ್ರಾಂಕ್ ಮತ್ತೆ ಸಂಗಡಿಗರು ತೋರಿಸಿದ್ದು ಎಂತ ಅಂದ್ರೆ, ಪಾರ್ಕಿನ್ಸನ್‌ನವರು ಮಾತ್ರೆ ಇಲ್ಲದಿರುವಾಗ ತಪ್ಪಿನಿಂದ ಚೆನ್ನಾಗಿ ಕಲೀತಾರೆ, ಮಾತ್ರೆ ತೆಗೊಂಡಾಗ ಸರಿಯಾದ್ದರಿಂದ ಚೆನ್ನಾಗಿ ಕಲೀತಾರೆ. ದೊಡ್ಡಪ್ಪ ಕೂರ್ತಾ ಇದ್ದದ್ದು ಬೆಳಿಗ್ಗೆಯ ಮಾತ್ರೆ ತೆಗೊಂಡು ಒಂದು ಗಂಟೆ ಆದ ಮೇಲೆ, ಕೈ ಹಗುರ ಆಗುವ ಹೊತ್ತು. ಆ ಹೊತ್ತಲ್ಲಿ ಎರಡು ವಾರ ಬರೀ "ಅಲ್ಲ" ಕೇಳಿದ್ರೆ ತಲೆಗೆ ಹೋಗುದು ಕಷ್ಟವೇ. ಹಾಗಾದ್ರೆ ಕೆಲಸ ಮಾಡಿದ್ದು ಏಳು ಸೆಕೆಂಡಾ, "ಹೌದು"ವಾ? ಅದೂ ಅಲ್ಲದೆ ಅಪ್ಪ ಮುಖಕ್ಕೆ ಹೊಡೆದ ಹಾಗೆ ಹೇಳುದು ನಿಂತದ್ದಕ್ಕೆ ದೊಡ್ಡಪ್ಪನ ಮನಸ್ಸು ನಿರಾಳ ಆಯ್ತು, ಗಡಿಬಿಡಿ ಆದಾಗ ಕೈ ನಡುಕ ಜಾಸ್ತಿ ಆಗುದು ನಾವೇ ನೋಡಿದ್ದೇವೆ. ಒಂದು ತಿಂಗಳ ಅಭ್ಯಾಸವೂ ಸೇರ್ತದೆ.

ಬೇರೆ ಮಾಡಿ ನೋಡುವ ಅಂತ ಏಪ್ರಿಲಲ್ಲಿ ಒಂದು ಪ್ರಯತ್ನ ಮಾಡಿದೆ. ಹಿಂದಿನ ವರ್ಷದ ದಾಸ್ತಾನು ಸ್ವಲ್ಪ ಇತ್ತು, ವ್ಯಾಪಾರಿಗಳು ಸಿಂಗಲ್ ಚೋಲ್ ಅನ್ನುದು ಅದನ್ನು, ಹೊಸತರ ಜೊತೆ ಕಲಸಿ ಹೊಸತಾ ಹಳತಾ ಅಂತ ಕೇಳುದು. ಈ ಸಲ ಹೌದು ಅಲ್ಲ ಎರಡೂ ಹೇಳುದು, ಆದ್ರೆ ಕೂಡ್ಲೇ. ಒಂದು ವಾರ ಆದ್ರೂ ದೊಡ್ಡಪ್ಪ ಪುನಃ ಅರ್ಧದ ಹತ್ರವೇ ನಿಂತ್ರು. ತಡಕ್ಕೆ ತಿರುಗಿಸಿದ ಮೇಲೆ ಸ್ವಲ್ಪ ಏರಿತು, ಚಾಲಿ ಪಟೋರದಷ್ಟು ಅಲ್ಲ. ಸಮಯದ್ದೂ ಪಾಲು ಉಂಟು ಅಂತ ನನಗೆ ಅನಿಸ್ತದೆ. ಆದ್ರೆ ಹಳತು ಹೊಸತು ಗುರುತಿಸುದು ಬಣ್ಣದ ಮೇಲೆ, ದೊಡ್ಡಪ್ಪನ ಕಣ್ಣಿಗೆ ಪೊರೆ ಬರ್ಲಿಕ್ಕೆ ಶುರು ಆಗಿದೆ ಅಂತ ಮೇಯಲ್ಲಿ ಕಣ್ಣಿನ ಡಾಕ್ಟ್ರು ಹೇಳಿದ್ರು. ಅಲ್ಲಿಗೆ ಆ ವಾರದ ಲೆಕ್ಕದ ಕಥೆ ಮುಗೀತು. ಒಬ್ಬ ಮನುಷ್ಯ, ಒಂದು ಜಗಲಿ, ಪಾಠ ಹೇಳುವವರಿಗೂ ಲೆಕ್ಕ ಬರೆಯುವವರಿಗೂ ಎಲ್ಲ ಗೊತ್ತಿರುವ ಪರೀಕ್ಷೆ, ಇದನ್ನು ಪುರಾವೆ ಅಂತ ಯಾರೂ ಎತ್ತಿಕೊಂಡು ಹೋಗ್ಬೇಡಿ. ಮಂಗಳೂರಿನ ನರರೋಗದ ಡಾಕ್ಟ್ರ ಹತ್ರ ಹೇಳಿದಾಗ ಅವರು ನಕ್ಕು, ಮಾತ್ರೆ ಸಮಯ ತಪ್ಪಿಸ್ಬೇಡಿ, ಉಳಿದದ್ದು ಮಾಡಿ ಅಂದ್ರು.

ಹೆಕ್ಕುದು ಮುಗಿದ ಮೇಲೆ, ನವೆಂಬರ್ ತನಕ ಕಲ್ತದ್ದು ಉಳೀತದಾ ನೋಡುವ ಅಂತ ನಾನು ಮೂವತ್ತು ಅಡಿಕೆ ಆರಿಸಿ, ಒಂದೊಂದಕ್ಕೂ ನಂಬರ್ ಬರ್ದು, ಉತ್ತರ ಬೇರೆ ಚೀಟಿಯಲ್ಲಿಟ್ಟು, ಖಾಲಿ ಹಾರ್ಲಿಕ್ಸ್ ಬಾಟ್ಲಿಗೆ ಹಾಕಿ ಅಟ್ಟದಲ್ಲಿ ಇಟ್ಟಿದ್ದೆ. ಮುಚ್ಚಳ ಸರಿ ಕೂತಿರ್ಲಿಲ್ಲ. ಆಗಸ್ಟಲ್ಲಿ ಅಮ್ಮ ತೆಗೆದು ನೋಡುವಾಗ ಎಲ್ಲದಕ್ಕೂ ಬೂಷ್ಟು ಹಿಡಿದು ನಂಬರೂ ಕಾಣುದಿಲ್ಲ, ವಾಸನೆಗೆ ಅಪ್ಪ ಮೂಗು ಮುಚ್ಚಿಕೊಂಡ್ರು. ದೊಡ್ಡಪ್ಪನಿಗೆ ವಾಸನೆಯ ಹಂಗಿಲ್ಲ, ಬಾಟ್ಲಿ ಹತ್ರ ತಂದು ಒಂದನ್ನು ತೆಗೆದು ಮಣೆ ಮೇಲಿಟ್ಟು ಸುಮಾರು ಹೊತ್ತು ನೋಡಿ, "ಈ ಸಲ ಏಳು ಎಣಿಸುದು ಬೇಡ, ಮೂವತ್ತೂ ಕರಿಗೋಟು" ಅಂದ್ರು.